ನಾಲ್ಕೂವರೆ ಮಿಲಿಮೀಟರ್ ಎಲ್ಲಿ ಹೋಯಿತು

ಕೆಲವರಿಗೆ ಕ್ರಿಕೆಟ್ ಮ್ಯಾಚಿನ ಕೊನೆಯ ಓವರು ಬಂದರೆ ಕೂತಲ್ಲಿ ಕೂರಲಾಗುವುದಿಲ್ಲ. ನನಗೆ ಹಾಗಾಗುವುದು ಯಂತ್ರ ಕೈಕೊಟ್ಟಾಗ. ಎಲ್ಲೋ ಒಂದು ತಪ್ಪು ಅಡಗಿ ಕೂತಿದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ಗೊತ್ತಾದ ಗಳಿಗೆಯಿಂದ ನನಗೆ ಊಟ ಸೇರುವುದಿಲ್ಲ. ಯಾರಾದರೂ ಮಾತಾಡಿಸಿದರೆ ಸಿಡುಕುತ್ತೇನೆ. ಒಳಗೊಳಗೆ ಮಾತ್ರ ಹಬ್ಬ. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ, ಇರಲಿ. ಈ ಹುಚ್ಚು ಹಿಡಿದದ್ದು ಎಲ್ಲಿ, ಯಾವಾಗ ಎಂಬುದು ನನಗೆ ಚೆನ್ನಾಗಿ ನೆನಪಿದೆ. ತೊಂಬತ್ತರ ದಶಕದ ಕೊನೆಗೆ, ರಾಯಾಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ, ದಸರೆ ಮುಗಿದು ದೀಪಾವಳಿ ಇನ್ನೂ ಬಾರದಿದ್ದ ದಿನಗಳಲ್ಲಿ.

ಆಗ ನನಗೆ ಇಪ್ಪತ್ತೆರಡು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಮ್ಮಿನಬಾವಿಯಿಂದ ದಿನಾ ಧಾರವಾಡಕ್ಕೆ ಒಂದು ಬಸ್ಸು, ಅಲ್ಲಿಂದ ಹುಬ್ಬಳ್ಳಿಯ ಬಸ್ಸು ಹಿಡಿದು ರಾಯಾಪುರದಲ್ಲಿ ಇಳಿಯುತ್ತಿದ್ದೆ. ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ ಕಾಟಾ ತಯಾರಾಗುತ್ತಿತ್ತು. ಹತ್ತಿ ವ್ಯಾಪಾರಿಗಳು ಅಂಡಿಗೆ, ಎಂದರೆ ಹತ್ತಿಯ ಮೂಟೆ, ತೂಗುವ ದೊಡ್ಡ ಕಾಟಾ. ನಮ್ಮ ಮಾಲಕರು ಕಾಳಿನ ವ್ಯಾಪಾರಿಗಳ ಮನೆತನದವರು, ಕರೆಂಟಿನ ವಿಷಯ ಅವರಿಗೆ ಅಷ್ಟಕ್ಕಷ್ಟೆ. ಆದರೆ ತೂಕದಲ್ಲಿ ಯಾರೂ ಅವರಿಗೆ ಮೋಸ ಮಾಡಲಾಗುತ್ತಿರಲಿಲ್ಲ. ಕೈಯಲ್ಲಿ ಹಿಡಿದೇ ಜೋಳದ ಚೀಲ ಎಷ್ಟು ಕಿಲೋ ಎಂದು ಹೇಳಿಬಿಡುತ್ತಿದ್ದರು.

ಕಾಟಾದ ಜೀವ ಇರುವುದು ಒಳಗಿನ ಬೋರ್ಡಿನಲ್ಲಿ. ರೇಡಿಯೋ ಬಿಚ್ಚಿ ನೋಡಿದವರಿಗೆಲ್ಲ ಗೊತ್ತು: ಹಸಿರು ಹಲಗೆ, ಅದರ ಮೇಲೆ ತಾಮ್ರದ ಗೆರೆಗಳು, ತೂತಿನ ಸುತ್ತ ತಾಮ್ರದ ಉಂಗುರಗಳು, ತೂತುಗಳಲ್ಲಿ ಕಾಲು ಇಳಿಬಿಟ್ಟು ನಿಂತ ಬಿಡಿಭಾಗಗಳು. ಆ ತಾಮ್ರದ ಚಿತ್ರವನ್ನು ನಮ್ಮಲ್ಲಿ ಕೈಯಿಂದಲೇ ಮಾಡುತ್ತಿದ್ದರು. ಮಾಡುತ್ತಿದ್ದವರು ಒಬ್ಬರೇ, ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಅರವತ್ತರ ಹತ್ತಿರದ ಹಿರಿಯರು. ಕೆಳಗೆ ದೀಪ ಉರಿಯುವ ಗಾಜಿನ ಮೇಜು, ಅದರ ಮೇಲೆ ಪಾರದರ್ಶಕ ಹಾಳೆ, ಹಾಳೆಯ ಮೇಲೆ ಕೂದಲಿನಷ್ಟು ತೆಳ್ಳಗಿನ ಕಪ್ಪು ಟೇಪು. ಮೊದಲ ಟೇಪು ಹಚ್ಚುವ ಮುಂಚೆ ಹಾಳೆಯ ಎಡಮೂಲೆಯಲ್ಲಿ ಮಸಿಯಿಂದ ಪುಟ್ಟದಾಗಿ ‘ಶ್ರೀ’ ಬರೆಯುತ್ತಿದ್ದರು. ಆಮೇಲೆ ಮೂರು ದಿನ ಅವರನ್ನು ಯಾರೂ ಮಾತಾಡಿಸುವ ಹಾಗಿರಲಿಲ್ಲ. ಹಾಳೆ ಮುಗಿದ ಮೇಲೆ ಅದರ ಫೋಟೋ ತೆಗೆದು ಫಿಲ್ಮ್ ಮಾಡುವುದು, ಕತ್ತಲೆ ಕೋಣೆಯಲ್ಲಿ ಆ ಫಿಲ್ಮಿನಿಂದ ತಾಮ್ರದ ಹಲಗೆಗೆ ಚಿತ್ರ ಇಳಿಸುವುದು, ಬೇಡದ ತಾಮ್ರವನ್ನು ಆಸಿಡ್ಡಿನಲ್ಲಿ ತಿನ್ನಿಸುವುದು, ಎಲ್ಲಾ ಅವರದೇ.

ನಾನು ಸೇರಿ ಎರಡು ವರ್ಷವಾಗುವ ಹೊತ್ತಿಗೆ ಅವರ ಕಣ್ಣಲ್ಲಿ ಪೊರೆ ಬರತೊಡಗಿತ್ತು. ಅದೇ ವರ್ಷ ಹೊಸ ಕಾಟಾಕ್ಕೆ ಎರಡೂ ಬದಿ ತಾಮ್ರವಿರುವ ಬೋರ್ಡು ಬೇಕಾಯಿತು. ಮಂಜು ಕಣ್ಣಿನಲ್ಲಿ ಎರಡು ಹಾಳೆಗಳನ್ನು ಕೂದಲಿಗೆ ಕೂದಲು ಹೊಂದಿಸುವುದು ಆಗದ ಮಾತು. ಮಾಲಕರು ಒಂದು ಕಂಪ್ಯೂಟರ್ ತಂದರು, ಅದರಲ್ಲಿ ಬೋರ್ಡು ಬರೆಯುವ ಸಾಫ್ಟ್‌ವೇರ್ ಹಾಕಿಸಿದರು. ಧಾರವಾಡದಲ್ಲಿ ಮೂರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋದವಳೆಂದು ಬೆಸುಗೆ ಮೇಜಿನಿಂದ ನನ್ನನ್ನು ಎಬ್ಬಿಸಿ ಅದರ ಮುಂದೆ ಕೂರಿಸಿದರು.

“ನೋಡವಾ, ಇದು ನಡದರ ನಿನ್ನ ಕುರ್ಚಿ ಇಲ್ಲೇ. ನಡೀಲಿಲ್ಲಂದ್ರ ಅಲ್ಲೇ,” ಎಂದು ಬೆಸುಗೆ ಮೇಜಿನ ಕಡೆ ಕೈ ಮಾಡಿದರು. ಬೆಸುಗೆ ಮೇಜಿನ ಹೊಗೆಯಲ್ಲಿ ಎರಡು ವರ್ಷ ಕಣ್ಣುಜ್ಜಿಕೊಂಡವಳಿಗೆ ಆ ಕುರ್ಚಿ ಸಿಂಹಾಸನವೇ. ಬಿಟ್ಟುಕೊಡುವ ಮಾತೇ ಇರಲಿಲ್ಲ.

ಕಾಕಾ ನನ್ನ ಮೇಲೆ ಮುನಿಯಬಹುದು ಎಂದು ಎಲ್ಲರೂ ಕಾಯುತ್ತಿದ್ದರು. ಅವರು ಮಾತ್ರ ತಮ್ಮ ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು. “ತಂಗಿ, ಗೆರಿ ಮೂಲಿ ಕತ್ತರಿಸಿದಂಗ ತಿರುಗಬಾರದು. ನೀರ ಹರಿದಂಗ ತಿರುಗಬೇಕು,” ಎನ್ನುತ್ತಿದ್ದರು. ಸೋಲ್ಡರ್ ಸೈಡ್ ಮೊದಲು ಮಾಡು ಎಂದರು. ಸೋಲ್ಡರ್ ಸೈಡ್ ಎಂದರೆ ಬೆಸುಗೆ ಹಾಕುವ ಕೆಳಬದಿ. ಮಾಡಿದೆ. ಪರದೆ ಕಾಣದಿದ್ದರೂ ನಾನು ಬಾಯಿಂದ ಹೇಳಿದ್ದನ್ನು ಕೇಳಿಯೇ ಎಲ್ಲಿ ಎರಡು ಗೆರೆ ಅಡ್ಡ ಬರುತ್ತವೆ ಎಂದು ಹೇಳಿಬಿಡುತ್ತಿದ್ದರು. ಒಂದೂವರೆ ತಿಂಗಳಿನಲ್ಲಿ ಬೋರ್ಡು ಪರದೆಯ ಮೇಲೆ ಸಿದ್ಧವಾಯಿತು. ಕೆಂಪು ಗೆರೆ ಒಂದು ಬದಿ, ನೀಲಿ ಗೆರೆ ಇನ್ನೊಂದು ಬದಿ. ನನಗಂತೂ ಅದನ್ನು ನೋಡಿದಷ್ಟೂ ಸಾಲದು.

ಇನ್ನು ಉಳಿದದ್ದು ಎಕ್ಸ್‌ಪೋರ್ಟ್. ಪರದೆಯ ಮೇಲಿನ ಚಿತ್ರವನ್ನು ಫೈಲು ಮಾಡಿ, ಫ್ಲಾಪಿಗೆ ಹಾಕಿ, ಬಸ್ಸಿನವರ ಕೈಯಲ್ಲಿ ಬೆಂಗಳೂರಿಗೆ ಕಳಿಸಬೇಕು. ಅಲ್ಲಿ ಒಂದು ಅಂಗಡಿಯವರು ತಮ್ಮ ದೊಡ್ಡ ಯಂತ್ರದಿಂದ ಅದನ್ನು ಫಿಲ್ಮಿನ ಮೇಲೆ ಬೆಳಕಿನಲ್ಲಿ ಬರೆದು, ಸುರುಳಿ ಸುತ್ತಿ ವಾಪಸು ಕಳಿಸುತ್ತಾರೆ. ಒಂದು ಗುಂಡಿ ಒತ್ತಿದರೆ ಮುಗಿಯಿತು ಎಂದುಕೊಂಡಿದ್ದೆ. ಒತ್ತಿದೆ, ಕಳಿಸಿದೆ. ಎರಡನೇ ದಿನ ಫೋನು ಬಂತು.

“ಮೇಡಂ, ಫ್ಲಾಪಿ ಬಂದಿದೆ. ಆದ್ರೆ ಪಟ್ಟಿ ಇಲ್ವಲ್ಲ?” ಎಂದರು ಆ ಅಂಗಡಿಯವರು.

“ಯಾವ ಪಟ್ಟಿ ರಿ?”

“ಅಪರ್ಚರ್ ಪಟ್ಟಿ. ಇಲ್ಲಿ ಹತ್ತನೇ ನಂಬರ್ ಉಂಗುರ ಹಾಕು ಅಂತ ಫೈಲಲ್ಲಿದೆ. ಹತ್ತನೇ ನಂಬರ್ ಅಂದ್ರೆ ಎಷ್ಟು ದಪ್ಪ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?”

ಆಗ ಗೊತ್ತಾಯಿತು. ಚಿತ್ರದ ಫೈಲಿನಲ್ಲಿ ಇರುವುದು ಎಲ್ಲಿ ಎಂಬುದಷ್ಟೆ. ಎಷ್ಟು ದೊಡ್ಡದು ಎಂಬುದು ಬೇರೆಯೇ ಒಂದು ಫೈಲಿನಲ್ಲಿರುತ್ತದೆ, ಅದನ್ನು ನಾನು ಕಳಿಸಿರಲೇ ಇಲ್ಲ. ನಾಚಿಕೆಯಾಯಿತು, ಆದರೆ ಖುಷಿಯೂ ಆಯಿತು. ಯಂತ್ರದ ಹೊಟ್ಟೆಯೊಳಗಿನ ಒಂದು ಗುಟ್ಟು ನನಗೆ ತಿಳಿದಿತ್ತಲ್ಲ. ಪಟ್ಟಿ ಸೇರಿಸಿ ಹೊಸ ಫ್ಲಾಪಿ ಕಳಿಸಿದೆ. ನಾಲ್ಕನೇ ದಿನ ಸುರುಳಿ ಬಂತು. ನಾನು ಕುಣಿಯುವುದೊಂದು ಬಾಕಿ.

ಕಾಕಾ ಫಿಲ್ಮನ್ನು ಕತ್ತಲೆ ಕೋಣೆಗೆ ಒಯ್ದರು. ಮಂದ ಹಳದಿ ದೀಪದಲ್ಲಿ ಹಲಗೆಯ ಮೇಲ್ಬದಿಗೆ ಒಂದು ಫಿಲ್ಮ್, ಆಮೇಲೆ ಹಲಗೆ ಮಗುಚಿ ಕೆಳಬದಿಗೆ ಇನ್ನೊಂದು. “ಒಂದ್ ಮೂಲಿ ಛಲೋ ಕುಂತ್ರ ಉಳಿದ ಮೂರೂ ಕುಂತಂಗ,” ಎನ್ನುವುದು ಅವರ ರೂಢಿ. ಮೂಲೆಯ ಗುರುತು ಹೊಂದಿಸುತ್ತಿದ್ದರು, ಅಂಚು ಬೆರಳಿನಿಂದ ಸವರಿ ನೋಡುತ್ತಿದ್ದರು, ಮುಗಿಯಿತು. ಮೂವತ್ತು ವರ್ಷ ಅದು ತಪ್ಪಿರಲಿಲ್ಲ. ಮರುದಿನ ಐದು ಬೋರ್ಡು ತೊಳೆದು, ಭೂತಗನ್ನಡಿಯಲ್ಲಿ ನೋಡುತ್ತ ಮೇಲ್ಬದಿಯ ಉಂಗುರಗಳ ನಡುವೆ ಗುರಿ ಹಿಡಿದು ತೂತು ಕೊರೆದು ನನ್ನ ಮುಂದೆ ಇಟ್ಟರು.

ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಮೇಲ್ಬದಿ ಚೊಕ್ಕವಾಗಿತ್ತು. ಮಗುಚಿ ಕೆಳಬದಿ ನೋಡಿದೆ. ಮೊದಲ ಮೂಲೆಯಲ್ಲಿ ತೂತು ಉಂಗುರದ ನಟ್ಟನಡುವೆ. ಸ್ವಲ್ಪ ಆಚೆ ತೂತು ಉಂಗುರದ ಅಂಚಿಗೆ. ಇನ್ನೂ ಆಚೆ ತೂತು ಉಂಗುರ ಬಿಟ್ಟು ಹೊರಗೆ. ಕೊನೆಯ ಮೂಲೆಯಲ್ಲಿ ತೂತು ಪಕ್ಕದ ಗೆರೆಯನ್ನೇ ಕತ್ತರಿಸಿತ್ತು. ನಲವತ್ತು ಕಾಲಿನ ಐ.ಸಿ. ಚಿಪ್ ಇಳಿಸಿ ನೋಡಿದೆ. ಒಂದು ತುದಿಯ ಕಾಲುಗಳಿಗೆ ಬೆಸುಗೆ ಹಾಕಲು ತಾಮ್ರವಿತ್ತು, ಇನ್ನೊಂದು ತುದಿಯವಕ್ಕೆ ಇರಲಿಲ್ಲ. ಐದಕ್ಕೆ ಐದೂ ಹಾಗೇ. ಹತ್ತಿಯ ಹಂಗಾಮು ಬಾಗಿಲಿಗೆ ಬಂದಿತ್ತು, ಕಾಟಾ ಬೇಕೆಂದವರು ದಿನಾ ಫೋನು ಮಾಡುತ್ತಿದ್ದರು.

ಮಾಲಕರು ಬಂದು ಅಳೆದರು. ಕೆಳಬದಿಯ ಫಿಲ್ಮ್ ನೂರೈವತ್ತು ಮಿಲಿಮೀಟರ್ ಇರಬೇಕಾದಲ್ಲಿ ನೂರಾ ನಲವತ್ತೈದೂವರೆ ಇತ್ತು. ನಾಲ್ಕೂವರೆ ಕಡಿಮೆ. ಮೇಲ್ಬದಿಯದು ಸರಿಯಾಗಿ ನೂರೈವತ್ತು. ಅವರು ಕತ್ತಲೆ ಕೋಣೆಯೊಳಗೆ ಹೋಗಿ ಹಲಗೆ ಒಣಗಿಸುವ ಬಿಸಿ ಪೆಟ್ಟಿಗೆಯ ಮೇಲೆ ಕೈ ಇಟ್ಟು ನೋಡಿದರು. ಹಿಂದೊಮ್ಮೆ ಕಾಕಾ ಆ ಪೆಟ್ಟಿಗೆಯ ಮೇಲೆ ಫಿಲ್ಮ್ ಮರೆತು ಸುಕ್ಕು ಮಾಡಿದ್ದು ಎಲ್ಲರಿಗೂ ಗೊತ್ತಿತ್ತು.

“ಕಾಕಾ, ಫಿಲ್ಮ್ ಮತ್ತ ಬಿಸಿ ಮ್ಯಾಲ ಇಟ್ಟಿದ್ರೇನ್ರಿ? ಕುಗ್ಗೈತಿ ನೋಡ್ರಿ,” ಎಂದರು.

ಕಾಕಾ ಫಿಲ್ಮಿನ ಅಂಚು ಬೆರಳಿನಿಂದ ಸವರಿ, “ಇಟ್ಟಿರಬೇಕ್ರಿ. ನೆಪ್ಪಿಲ್ಲ,” ಎಂದರು.

ಮಾಲಕರಿಗೆ ಬೈಯುವುದು ಬರುತ್ತಿತ್ತು, ಕಾಕಾನನ್ನು ಬೈಯುವುದು ಬರುತ್ತಿರಲಿಲ್ಲ. ಅವರ ತಂದೆಯ ಕಾಲದಿಂದ ಇದ್ದವರು. ತಲೆ ತಗ್ಗಿಸಿ, “ದೀಪಾವಳಿ ತನಕ ಬರ್ರಿ ಕಾಕಾ. ಆಮ್ಯಾಲ ಮನ್ಯಾಗ ಆರಾಮ ಇರ್ರಿ. ಕಣ್ಣಿಗೂ ಬ್ಯಾನಿ ಕಡಿಮಿ ಆಕ್ಕೈತಿ,” ಎಂದು ಹೊರಗೆ ನಡೆದರು. ಮೆತ್ತಗೆ ಹೇಳಿದರೂ ಕೆಲಸದಿಂದ ತೆಗೆದ ಮಾತು ತೆಗೆದ ಮಾತೇ. ದೀಪಾವಳಿಗೆ ಹನ್ನೊಂದು ದಿನ ಉಳಿದಿತ್ತು.

ಖರೆ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ನಿರಾಳವಾಯಿತು. ತಪ್ಪು ನನ್ನದಲ್ಲ, ಕಂಪ್ಯೂಟರಿನದಲ್ಲ, ಕುರ್ಚಿ ಉಳಿಯಿತು. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಕಾಕಾನ ನೆನಪಾಗಿ ಕೆಡುಕೆನಿಸಿದ್ದು ಮನೆ ಮುಟ್ಟಿದ ಮೇಲೆ. ಅದೂ ಊಟ ಮಾಡುವಷ್ಟು ಹೊತ್ತು ಮಾತ್ರ.

ಮರುದಿನ ಬೆಳಿಗ್ಗೆ ಅವ್ವ ಹಿತ್ತಲಲ್ಲಿ ನನ್ನ ಹೊಸ ಹೂವಿನ ಚೂಡಿದಾರ ಕೊಡವಿ ಹಿಡಿದು ಗೊಣಗತೊಡಗಿದಳು. “ಒಂದ ನೀರಿಗೆ ಹ್ಯಾಂಗ ಕುಗ್ಗೈತಿ ನೋಡು. ಆ ಅಂಗಡ್ಯಾವಗ ಹೇಳಬೇಕು.” ಅದೇ ಬಟ್ಟೆಯ ಉಳಿದ ತುಂಡಿನಿಂದ ಹೊಲಿದ ಚೀಲ ಗೂಟಕ್ಕೆ ತೂಗುತ್ತಿತ್ತು, ಅದಕ್ಕೆ ಇನ್ನೂ ನೀರು ತಾಗಿರಲಿಲ್ಲ. ನೋಡಿದೆ. ಚೀಲದ ಮೇಲಿನ ಹೂವು ದೊಡ್ಡದು. ಚೂಡಿದಾರದ ಮೇಲಿನ ಹೂವು ಚಿಕ್ಕದು.

ಬಟ್ಟೆ ಕುಗ್ಗಿದರೆ ಹೂವೂ ಕುಗ್ಗುತ್ತದೆ. ಫಿಲ್ಮ್ ಕುಗ್ಗಿದರೆ?

ಚಹಾ ಅಲ್ಲೇ ಬಿಟ್ಟು ಬಸ್ಸಿಗೆ ಓಡಿದೆ. ಆವತ್ತಿನಷ್ಟು ಸಾವಕಾಶ ಆ ಬಸ್ಸು ಎಂದೂ ಹೋಗಿರಲಿಲ್ಲ. ಕಾರ್ಖಾನೆ ಮುಟ್ಟಿದವಳೇ ವರ್ನಿಯರ್ ಹುಡುಕಿದೆ. ಕೂದಲಿನಷ್ಟು ವ್ಯತ್ಯಾಸವನ್ನೂ ತೋರಿಸುವ ಅಳತೆಯ ಸಾಧನ ಅದು. ಬೋರ್ಡಿನ ನಾಲ್ಕು ಮೂಲೆಗಳಲ್ಲಿ ಸ್ಕ್ರೂ ಕೂರುವ ದೊಡ್ಡ ಉಂಗುರಗಳಿದ್ದವು, ಒಂದೊಂದೂ ಎಂಟು ಮಿಲಿಮೀಟರ್. ಮೇಲ್ಬದಿಯ ಫಿಲ್ಮಿನಲ್ಲಿ ಅಳೆದೆ, ಎಂಟು. ಕೆಳಬದಿಯದರಲ್ಲಿ ಅಳೆದೆ, ಎಂಟು. ಇನ್ನೊಮ್ಮೆ, ಮತ್ತೊಮ್ಮೆ ಅಳೆದೆ. ಎಂಟೇ. ಉಂಗುರಗಳ ನಡುವಿನ ದೂರ ಮಾತ್ರ ಕುಗ್ಗಿದೆ, ಉಂಗುರ ಕುಗ್ಗಿಲ್ಲ. ಬಿಸಿಗೆ ಕುಗ್ಗಿದ ಫಿಲ್ಮಿಗೆ ಉಂಗುರ ಬಿಟ್ಟು ದೂರ ಮಾತ್ರ ಕುಗ್ಗಿಸುವ ಜಾಣತನ ಇರುವುದಿಲ್ಲ. ಉಂಗುರದ ಅಳತೆ ಒಂದು ಫೈಲಿನಲ್ಲಿ, ಅದರ ಜಾಗ ಇನ್ನೊಂದು ಫೈಲಿನಲ್ಲಿ. ಕುಗ್ಗಿದ್ದು ಜಾಗದ ಫೈಲು. ಅಂದರೆ ಫಿಲ್ಮ್ ಕಾಕಾನ ಕೈಗೆ ಬರುವ ಮೊದಲೇ, ನನ್ನ ಕಂಪ್ಯೂಟರಿನಿಂದ ಹೊರಡುವಾಗಲೇ ತಪ್ಪಾಗಿತ್ತು.

ಮೈಯೆಲ್ಲ ಜುಮ್ಮೆಂದಿತು. ಭಯವೂ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಭಯಕ್ಕಿಂತ ಹುರುಪೇ ಹೆಚ್ಚಿತ್ತು ಎಂದರೆ ನೀವು ಬೈಯಬಾರದು. ಕಾಕಾ ನಿರಪರಾಧಿ. ಅದನ್ನು ತೋರಿಸಿಕೊಡಬೇಕಾದರೆ ತಪ್ಪು ಎಲ್ಲಿದೆ ಎಂದು ಹಿಡಿದು ತೋರಿಸಬೇಕು. ಬರೀ ‘ಕಂಪ್ಯೂಟರಿನದೇ ಇರಬೇಕು’ ಎಂದರೆ ಕಂಪ್ಯೂಟರನ್ನೇ ಕಟ್ಟಿಡುತ್ತಾರೆ. ಆಗ ಕಾಕಾನೂ ಹೊರಗೆ, ನಾನೂ ಹೊರಗೆ.

ಹುಡುಕತೊಡಗಿದೆ. ಪರದೆಯ ಮೇಲೆ ಅಳೆದರೆ ನೂರೈವತ್ತು, ಸರಿ. ಪ್ರಿಂಟರಿನಲ್ಲಿ ಬೋರ್ಡಿನಷ್ಟನ್ನೇ ಕಾಗದದ ಮೇಲೆ ತೆಗೆದರೂ ನೂರೈವತ್ತು. ಇಂಚು ಮತ್ತು ಮಿಲಿಮೀಟರ್ ಅದಲುಬದಲಾಗಿರಬಹುದೇ? ಹಾಗಾದರೆ ಬೋರ್ಡು ಕಡಲೆಕಾಳಿನಷ್ಟಾಗಬೇಕಿತ್ತು. ಬೆಂಗಳೂರಿನ ಯಂತ್ರವೇ ಕೆಟ್ಟಿದೆಯೇ? ಹಾಗಾದರೆ ಮೇಲ್ಬದಿ ಸರಿ ಬಂದದ್ದು ಹೇಗೆ? ಸಾಫ್ಟ್‌ವೇರಿನ ದಪ್ಪ ಇಂಗ್ಲಿಷ್ ಪುಸ್ತಕದ ಝೆರಾಕ್ಸ್ ಪ್ರತಿ ಇತ್ತು. ಅದರಲ್ಲಿ ನನಗೆ ಬೇಕಾದ ಪುಟವೇ ಮಸಿಯಾಗಿತ್ತು. ಎರಡು ದಿನ ಹೀಗೆ ಹೋದವು. ನಡುನಡುವೆ ಕರೆಂಟು ಹೋಗುತ್ತಿತ್ತು, ಮಾಡಿದ್ದೆಲ್ಲ ನೀರುಪಾಲಾಗುತ್ತಿತ್ತು. ಸಾಫ್ಟ್‌ವೇರ್ ಬರೆದವರ ಮನೆತನಕ್ಕೆಲ್ಲ ಮನಸ್ಸಿನಲ್ಲೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಕಾಕಾ ಅತ್ತ ತಮ್ಮ ಕೋಣೆಯ ಬಾಟಲಿಗಳಿಗೆ ಒಂದೊಂದಾಗಿ ಚೀಟಿ ಅಂಟಿಸುತ್ತಿದ್ದರು, ಮುಂದೆ ಬರುವವರಿಗೆ ತಿಳಿಯಲಿ ಎಂದು. ಅಕ್ಷರ ದಪ್ಪದಪ್ಪ, ಸಾಲು ಸೊಟ್ಟ. ನಾನು ಅವರ ಕಣ್ಣು ತಪ್ಪಿಸಿ ಓಡಾಡಿದೆ.

ಮೂರನೇ ದಿನ ಮಧ್ಯಾಹ್ನ, ರೊಟ್ಟಿ ಗಂಟು ಬಿಚ್ಚುವ ಹೊತ್ತಿಗೆ, ಒಂದು ಯೋಚನೆ ಬಂತು. ಚಿತ್ರ ಸುಳ್ಳು ಹೇಳುತ್ತಿದ್ದರೆ ಅಂಕಿ ಓದೋಣ. ಫೈಲನ್ನು ಚಿತ್ರವಾಗಿ ತೆರೆಯದೆ ಬರವಣಿಗೆಯಾಗಿ ತೆರೆದೆ. ಪರದೆ ತುಂಬ ಸಾಲುಸಾಲು ಅಂಕಿಗಳು. ಒಂದೊಂದು ಸಾಲಿಗೂ ಅಡ್ಡ ಎಷ್ಟು, ಎತ್ತರ ಎಷ್ಟು, ಕೊನೆಗೆ ಒಂದು ಗುರುತು: ಒಂದಿದ್ದರೆ ಬೆಳಕು ಹಚ್ಚಿ ಗೆರೆ ಎಳೆ, ಎರಡಿದ್ದರೆ ಬೆಳಕು ಆರಿಸಿ ಮುಂದೆ ಸರಿ, ಮೂರಿದ್ದರೆ ಅಲ್ಲೇ ಉಂಗುರ ಒತ್ತು. ಅಷ್ಟೇ. ಇಷ್ಟು ಸರಳವೇ ಎಂದು ನಗು ಬಂತು. ಯಾರೋ ಕಿವಿಯಲ್ಲಿ ಕೂತು ಇಲ್ಲಿಂದ ಅಲ್ಲಿಗೆ ಗೆರೆ ಎಳೆ ತಂಗಿ ಎಂದು ಹೇಳಿಕೊಟ್ಟ ಹಾಗೆ.

ನನ್ನ ಬೋರ್ಡು ಹಾಳೆಯ ಕೆಳಗಿನ ಅರ್ಧದಲ್ಲಿ ಕೂತಿತ್ತು. ಎತ್ತರದ ಯಾವ ಅಂಕಿಯೂ ಇನ್ನೂರು ಮಿಲಿಮೀಟರ್ ದಾಟುವ ಹಾಗಿಲ್ಲ. ಮೇಲ್ಬದಿಯ ಫೈಲಿನಲ್ಲಿ ದಾಟಿರಲಿಲ್ಲ. ಕೆಳಬದಿಯ ಫೈಲು ತೆರೆದರೆ ಮೊಟ್ಟಮೊದಲ ಸಾಲಿನಲ್ಲೇ ಇನ್ನೂರಾ ಎಂಬತ್ತು. ಎರಡನೇ ಸಾಲೂ ಇನ್ನೂರಾ ಎಂಬತ್ತರ ಆಸುಪಾಸು. ಮೂರನೆಯದು, ನಾಲ್ಕನೆಯದು, ಹೀಗೆ ಮೂವತ್ತೆಂಟು ಸಾಲು. ಮೂವತ್ತೊಂಬತ್ತನೆಯದರಿಂದ ಬೋರ್ಡು ಶುರುವಾಗುತ್ತಿತ್ತು. ಬೋರ್ಡಿನಿಂದ ಅಷ್ಟು ದೂರ, ಖಾಲಿ ಹಾಳೆಯ ಮೇಲೆ, ಯಾವುದೋ ಮೂವತ್ತೆಂಟು ಗೆರೆಗಳು.

ಡಿಪ್ಲೊಮಾ ಕಾಲದ ಗ್ರಾಫ್ ಪುಸ್ತಕ ಮೇಜಿನ ಕಪಾಟಿನಲ್ಲಿತ್ತು. ಪೆನ್ಸಿಲ್ ಚೂಪು ಮಾಡಿದೆ. ಮೊದಲ ಚುಕ್ಕೆ ಇಟ್ಟೆ. ಎರಡನೆಯದು, ಬೆಳಕು ಹಚ್ಚು, ಗೆರೆ. ಮೂರನೆಯದು, ಗೆರೆ. ಒಂದು ಸೊಟ್ಟ ಕೊಕ್ಕೆಯಂಥದ್ದು ಮೂಡಿತು. ಬೆಳಕು ಆರಿಸು, ಸರಿ. ಮತ್ತೆ ಹಚ್ಚು. ಒಂದು ಹೊಟ್ಟೆ ಬಂತು. ಬೆಸುಗೆ ಮೇಜಿನ ಹುಡುಗಿಯರು ರೊಟ್ಟಿ ಕೈಯಲ್ಲೇ ಹಿಡಿದು ಬಂದು ಹಿಂದೆ ನಿಂತರು. ಒಬ್ಬಳು ಪರದೆ ನೋಡಿ ಅಂಕಿ ಓದತೊಡಗಿದಳು, ನಾನು ಚುಕ್ಕೆ ಇಡತೊಡಗಿದೆ. ಇಪ್ಪತ್ತನೇ ಸಾಲಿಗೆ ಕೆಳಗೆ ಒಂದು ಬಾಲ ಇಳಿಯಿತು. ಮೂವತ್ತಕ್ಕೆ ಬರುವಷ್ಟರಲ್ಲಿ ನನಗೆ ಗೊತ್ತಾಗಿಹೋಗಿತ್ತು. ಹಿಂದೆ ನಿಂತವಳು ಓದುವುದನ್ನು ನಿಲ್ಲಿಸಿ, “ಇದು ಶ್ರೀ ಅಲ್ಲೇನ?” ಎಂದಳು.

ಶ್ರೀಯೇ. ನಾನೇ ಬರೆದದ್ದು. ಕಂಪ್ಯೂಟರ್ ಮುಂದೆ ಕೂತ ಮೊದಲ ದಿನ, ಮೊದಲ ಗೆರೆ ಎಳೆಯುವ ಮುಂಚೆ, ಹಾಳೆಯ ಮೇಲಿನ ಎಡಮೂಲೆಯಲ್ಲಿ, ಕಾಕಾ ಟೇಪಿನ ಹಾಳೆಯ ಮೇಲೆ ಬರೆಯುವ ಹಾಗೇ, ಮೌಸ್ ಹಿಡಿದು ಸೊಟ್ಟಸೊಟ್ಟ ಗೆರೆಗಳಿಂದ. ಆಮೇಲೆ ಬೋರ್ಡಿನ ಕಡೆ ಸರಿದವಳು ಆ ಮೂಲೆಯನ್ನು ಮತ್ತೆ ನೋಡಿರಲೇ ಇಲ್ಲ. ಕೆಳಬದಿಯಿಂದ ಶುರು ಮಾಡಿದ್ದರಿಂದ ಅದು ಕೆಳಬದಿಯಲ್ಲಿ ಮಾತ್ರ ಇತ್ತು. ಟೇಪಿನ ಹಾಳೆಯ ಶ್ರೀ ಫೋಟೋದ ಚೌಕಟ್ಟಿನ ಹೊರಗೆ ಉಳಿಯುತ್ತಿತ್ತು, ಯಾರಿಗೂ ತೊಂದರೆಯಿರಲಿಲ್ಲ. ಕಂಪ್ಯೂಟರಿಗೆ ಚೌಕಟ್ಟಿನ ಹೊರಗೆ ಎಂಬುದೇ ಇಲ್ಲ. ಎಕ್ಸ್‌ಪೋರ್ಟಿನ ಪರದೆ ಮತ್ತೆ ತೆರೆದು ಒಂದೊಂದೇ ಸಾಲು ಓದಿದೆ. ಕೆಳಗೆಲ್ಲೋ ಒಂದು ಚಿಕ್ಕ ಚೌಕದಲ್ಲಿ ಟಿಕ್ ಬಿದ್ದಿತ್ತು, ಸಾಫ್ಟ್‌ವೇರ್ ತಾನೇ ಹಾಕಿಕೊಂಡದ್ದು: ಚಿತ್ರ ಫಿಲ್ಮಿಗಿಂತ ದೊಡ್ಡದಿದ್ದರೆ ಹಿಡಿಯುವಷ್ಟಕ್ಕೆ ಕುಗ್ಗಿಸು. ಬೋರ್ಡಿನಿಂದ ಶ್ರೀವರೆಗೆ ಅಳೆದರೆ ಫಿಲ್ಮಿನ ಅಳತೆ ಒಂದಿಷ್ಟು ಮೀರುತ್ತಿತ್ತು. ಆ ಒಂದಿಷ್ಟಕ್ಕೆ ಅದು ನೂರಕ್ಕೆ ಮೂರರಂತೆ ಎಲ್ಲವನ್ನೂ ಕುಗ್ಗಿಸಿತ್ತು. ನೂರೈವತ್ತಕ್ಕೆ ನಾಲ್ಕೂವರೆ. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಬೆಂಗಳೂರಿಗೆ ಫೋನು ಮಾಡಿ, ಫಿಲ್ಮಿನ ಮೂಲೆಯಲ್ಲಿ ಏನಾದರೂ ಇತ್ತೇ ಎಂದು ಕೇಳಿದೆ. “ಇತ್ತು ಮೇಡಂ, ಏನೋ ಗೀಚಿದ ಹಾಗೆ. ಬೇಡದ್ದು ಅಂತ ಕತ್ತರಿಸಿ ಕಳಿಸಿದ್ವಿ,” ಎಂದರು ಅಂಗಡಿಯವರು, ಉಪಕಾರ ಮಾಡಿದವರ ದನಿಯಲ್ಲಿ.

ಗ್ರಾಫ್ ಹಾಳೆ ಹರಿದುಕೊಂಡು ಮಾಲಕರ ಕೋಣೆಗೆ ನಡೆದೆ. ನಡೆದೆ ಎಂದರೆ ಸುಳ್ಳು, ಓಡಿದೆ. ಬಾಗಿಲಲ್ಲಿ ಮಾತ್ರ ಕಾಲು ಹಿಂದೇಟು ಹಾಕಿತು. ಬೆಸುಗೆ ಮೇಜು ಕಣ್ಣ ಮುಂದೆ ಬಂತು. ಆದರೆ ಮೂರು ದಿನ ಅಟ್ಟಾಡಿಸಿ ಹಿಡಿದ ಕಳ್ಳನನ್ನು ಯಾರಿಗೂ ತೋರಿಸದೆ ಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲ, ಕಳ್ಳ ನಾನೇ ಆಗಿದ್ದರೂ.

“ಸಾಹೇಬ್ರ, ಕಾಕಾ ಫಿಲ್ಮ್ ಕೆಡಿಸಿಲ್ರಿ. ನಾ ಕೆಡಿಸೇನಿ,” ಎಂದು ಉಸಿರು ಬಿಡದೆ ಎಲ್ಲ ಹೇಳಿದೆ. ಉಂಗುರ ಅಳೆದದ್ದು, ಅಂಕಿ ಓದಿದ್ದು, ಟಿಕ್ ಬಿದ್ದದ್ದು. ಕೊನೆಗೆ ಗ್ರಾಫ್ ಹಾಳೆ ಮುಂದಿಟ್ಟೆ.

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಮುಖ ಕೆಂಪಾಗುತ್ತಿತ್ತು, ಬೈಗುಳ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಅವರು ಹಾಳೆಯನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೆ ಒತ್ತಿಕೊಂಡು ವಾಪಸು ಇಟ್ಟರು. “ದೇವರ ಹೆಸರ ಬರದಾಕೀಗೆ ಹ್ಯಾಂಗ ಬೈಲಿ ನಾ?” ಎಂದರು. ಆಮೇಲೆ ದನಿ ಗಟ್ಟಿ ಮಾಡಿ, “ಇನ್ನೊಂದ್ ಸಲ ಕಳಸು. ಬೋರ್ಡ್ ಕೈಗೆ ಬಂದ ಮ್ಯಾಲ ಯಾರ ಎಲ್ಲಿ ಕುಂದ್ರೂದು ಅಂತ ಹೇಳ್ತೇನಿ,” ಎಂದರು.

ಶ್ರೀಯನ್ನು ಅಳಿಸಲು ಮನಸ್ಸು ಬರಲಿಲ್ಲ. ಫಿಲ್ಮಿಗೆ ಹೋಗದ, ಟಿಪ್ಪಣಿಗೆಂದೇ ಇರುವ ಪದರಕ್ಕೆ ಅದನ್ನು ಸರಿಸಿದೆ. ಟಿಕ್ ತೆಗೆದೆ. ಹೊಸ ಫೈಲಿನ ಅಂಕಿಗಳನ್ನು ಒಂದೊಂದಾಗಿ ಓದಿದೆ, ಯಾವುದೂ ಇನ್ನೂರು ದಾಟಿರಲಿಲ್ಲ. ಒಂದರ ಬದಲು ಎರಡು ಫ್ಲಾಪಿ ಕಳಿಸಿದೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ನಾಲ್ಕು ದಿನ ಬಸ್ಸಿನವರ ಜೀವ ತಿಂದೆ.

ಸುರುಳಿ ಬಂದದ್ದು ದೀಪಾವಳಿಗೆ ಎರಡು ದಿನ ಇರುವಾಗ. ಕಾಕಾ ಫಿಲ್ಮ್ ಬಿಡಿಸಿದರು. ನಾನು ವರ್ನಿಯರ್ ಹಿಡಿದೆ, ಅವರು ಬೆರಳಿನಿಂದ ಅಂಚು ಸವರಿದರು. ಮೇಲ್ಬದಿ ನೂರೈವತ್ತು, ಕೆಳಬದಿ ನೂರೈವತ್ತು. ಈ ಸಲ ಮೂಲೆ ಒಂದೇ ಅಲ್ಲ, ನಾಲ್ಕೂ ಹೊಂದಿಸಿದೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಬೋರ್ಡು ಕೈಯಲ್ಲಿತ್ತು. ಬೆಳಕಿಗೆ ಹಿಡಿದರೆ ಒಂದೊಂದು ತೂತೂ ತನ್ನ ಉಂಗುರದ ನಡುವೆ. ನಲವತ್ತು ಕಾಲಿನ ಚಿಪ್ ಇಳಿಸಿದೆ, ಅದು ಸದ್ದಿಲ್ಲದೆ ಕೂತಿತು. ಮಗುಚಿ ನೋಡಿದರೆ ಪ್ರತಿ ಕಾಲಿನ ಸುತ್ತಲೂ ತಾಮ್ರ. ಬೆಸುಗೆ ಹಾಕಿ, ಕಾಟಾಕ್ಕೆ ಜೋಡಿಸಿ, ಮಾಲಕರನ್ನು ಕರೆದೆವು. ಅವರು ಒಂದು ಜೋಳದ ಚೀಲ ತಂದು ಮೊದಲು ತಾವೇ ಎತ್ತಿ ಇಷ್ಟು ಎಂದು ಹೇಳಿ, ಆಮೇಲೆ ಕಾಟಾದ ಮೇಲಿಟ್ಟರು. ಕೆಂಪು ಅಂಕಿ ಅದನ್ನೇ ತೋರಿಸಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು, ಬೆಸುಗೆಯ ಹೊಗೆ ಎಂದು ಸುಳ್ಳು ಹೇಳಿದೆ.

“ಕಾಕಾ, ದೀಪಾವಳಿ ಆದ ಮ್ಯಾಲೂ ಬರ್ರಿ,” ಎಂದರು ಮಾಲಕರು. ತಪ್ಪಾಯಿತು ಎನ್ನುವುದು ಅವರಿಗೆ ಬರುತ್ತಿರಲಿಲ್ಲ. “ಈಕಿ ಕುರ್ಚಿ ಇಲ್ಲೇ ಇರ್ಲಿ. ನಿಮ್ಮ ಸ್ಟೂಲ್ ಬಾಜೂಕ ಇರ್ಲಿ.”

ಅವರು ಹೋದ ಮೇಲೆ ಕಾಕಾ ಕತ್ತಲೆ ಕೋಣೆಯ ಕಪಾಟು ತೆರೆದು ಒಂದು ಸುರುಳಿ ತಂದು ನನ್ನ ಮೇಜಿನ ಮೇಲೆ ಇಟ್ಟರು. ಬಿಚ್ಚಿದೆ. ಹಳೆಯ, ತಪ್ಪಾಗಿದ್ದ ಬೋರ್ಡಿನ ಕೆಳಬದಿಯ ಫಿಲ್ಮ್. ಆದರೆ ನಾನು ಅಳೆದದ್ದಲ್ಲ, ಇನ್ನೊಂದು. ಹೊಸದಾಗಿ ಹೊಳೆಯುತ್ತಿತ್ತು, ಬಿಸಿ ಪೆಟ್ಟಿಗೆಯ ಮುಖವನ್ನೇ ಕಂಡಿರಲಿಲ್ಲ.

“ಬೆಂಗಳೂರಿನವರು ಆವತ್ತ ಎರಡು ಜೋಡಿ ಕಳಿಸಿದ್ರು. ಒಂದ್ ಕೆಟ್ರ ಇನ್ನೊಂದ್ ಇರ್ಲಿ ಅಂತ,” ಎಂದರು ಕಾಕಾ. “ಮಾಲಕರು ನನಗ ಕೇಳಿದ ದಿನಾನ ಇದನ್ನ ಭೂತಗನ್ನಡಿ ಹಿಡಿದು ಅಳದಿದ್ದೆ. ಇದೂ ನಾಲ್ಕೂವರಿ ಕಡಿಮಿ ಇತ್ತು.”

“ಅಂದ್ರ ನಿಮ್ಮ ತಪ್ಪಲ್ಲ ಅಂತ ನಿಮಗ ಆವತ್ತ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಮತ್ಯಾಕ ಹೇಳಲಿಲ್ರಿ?”

“ನಂದಲ್ಲ ಅಂದ್ರ ನಿಂದ ಅಂತಿದ್ರಲ್ಲ ತಂಗಿ,” ಎಂದರು. “ನಂದೇನೈತಿ, ಕಣ್ಣ ಹೋಗಾಕತ್ತಾವ. ಇವತ್ತಲ್ಲ ನಾಳೆ ಮನಿಗೆ ಹೋಗಾಂವನ. ನಿನಗ ಈಗರೆ ಕುರ್ಚಿ ಸಿಕ್ಕೈತಿ.”

ನನಗೆ ಬಂದದ್ದು ಕಣ್ಣೀರಲ್ಲ, ಸಿಟ್ಟು. ಹಾಳು ಸಿಟ್ಟು, ಅದಕ್ಕೆ ಹೊತ್ತು ಗೊತ್ತಿಲ್ಲ. “ಈ ಫಿಲ್ಮ್ ಆವತ್ತ ನನಗ ತೋರಿಸಿದ್ರ ನಾ ಅರ್ಧಾ ದಿನದಾಗ ಹುಡುಕತಿದ್ದೆ ಕಾಕಾ. ಬಟ್ಟಿ ಕುಗ್ಗೂದು, ಉಂಗುರ ಅಳಿಯೂದು ಏನೂ ಬೇಕಾಗಿರಲಿಲ್ಲ,” ಎಂದು ದನಿ ಏರಿಸಿದೆ. ಹುಡುಗಿಯರು ತಿರುಗಿ ನೋಡಿದರು.

ಕಾಕಾ ತಮ್ಮ ಸ್ಟೂಲಿನ ಮೇಲೆ ಕೂತು, “ನೀ ಹುಡುಕತಿ ಅಂತ ನನಗ ಗೊತ್ತಿರಲಿಲ್ಲ ತಂಗಿ,” ಎಂದರು.

ನಾನು ಫಿಲ್ಮನ್ನು ಮತ್ತೆ ಸುರುಳಿ ಸುತ್ತಿದೆ. ಅವರ ಮೇಲೆ ತಪ್ಪು ಬಿದ್ದ ದಿನ ನನಗೆ ನಿರಾಳವಾಗಿತ್ತು ಎಂದು ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಆಮೇಲೆ ಆರು ವರ್ಷ ಅವರು ನನ್ನ ಪಕ್ಕದ ಸ್ಟೂಲಿನಲ್ಲೇ ಕೂತರು, ದಿನಕ್ಕೆ ಎರಡು ಸಲ ಜೊತೆಗೇ ಚಹಾ ಕುಡಿದೆವು, ಆಗಲೂ ಹೇಳಲಿಲ್ಲ.